ಜೋಗದ ನೀರಿಗೆ ಗೇಟೇಕೆ?

ಜೋಗ ಯಾರಪ್ಪನ ಮನೆಯ ಆಸ್ತಿಯೂ ಅಲ್ಲ. ಸರ್ಕಾರಿ ನೆಲ, ಎಂದರೆ ಜನರ ನೆಲ. ಆದರೂ 830 ಅಡಿ ಧುಮುಕುವ ಶರಾವತಿಯನ್ನು ಕಣ್ಣಿಂದ ನೋಡಲು ಗೇಟಿನಲ್ಲಿ ಕಾಸು ಎಣಿಸಬೇಕು!

1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ನಿಂತಿತು. ಆ ವಿದ್ಯುತ್ತಿನಿಂದ ನಾಡಿನ ಗಿರಣಿಗಳು ತಿರುಗಿದವು. ಗದ್ದೆ ತೋಟ ಮುಳುಗಿಸಿಕೊಂಡ ಸಂಸಾರಗಳೋ, ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಮೆಟ್ಟಿಲು ಸವೆಸುತ್ತಿವೆ. ಅವರ ಮೊಮ್ಮಕ್ಕಳೂ ಚೀಟಿ ಕೊಳ್ಳಬೇಕೇ?

ನಿರ್ವಹಣೆಗೆ ಹಣ ಬೇಡವೇ ಎನ್ನುವವರಿದ್ದಾರೆ. ಬೇಕು, ಸ್ವಾಮಿ, ಕಾರು ನಿಲ್ಲಿಸುವವರಿಂದ ತೆಗೆದುಕೊಳ್ಳಿ. ಬಂಡವಾಳಶಾಹಿ ಅಮೆರಿಕೆಯನ್ನೇ ನೋಡಿ. ನಯಾಗರಾ ಜಲಪಾತದ ದಡಕ್ಕೆ ಖಾಸಗಿ ಮಾಲೀಕರು ಬೇಲಿ ಹಾಕಿ ಕಾಸು ಕೀಳುತ್ತಿದ್ದರು. ನ್ಯೂಯಾರ್ಕ್ ರಾಜ್ಯ ಆ ನೆಲವನ್ನು ವಶಕ್ಕೆ ತೆಗೆದುಕೊಂಡು 1885ರ ಜುಲೈ 15ರಂದು ಸರ್ವರಿಗೂ ಪುಕ್ಕಟೆಯಾಗಿ ತೆರೆಯಿತು. ಇಂದಿಗೂ ಅಲ್ಲಿ ನಡೆದು ಬಂದವನಿಗೆ ಪ್ರವೇಶ ಶುಲ್ಕವಿಲ್ಲ; ವಾಹನ ನಿಲ್ಲಿಸಿದವನಿಗೆ ಉಂಟು. ಅವರಿಂದಾದದ್ದು ಸಮಾಜವಾದದ ಮಾತಾಡುವ ನಮ್ಮವರಿಂದ ಆಗದೇ?

ನಮ್ಮ ಬೇಡಿಕೆ ಎರಡೇ. ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಬಂದವರಿಗೆ ಜೋಗ ಪುಕ್ಕಟೆ. ಕಡಲೆಕಾಯಿ, ಚಹ ಮಾರುವ ಬಡ ವ್ಯಾಪಾರಿಗೆ ಅಲ್ಲೇ ಜಾಗ. ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ಓಟು ಕೇಳಲು ಬಂದವರನ್ನು ಮೊದಲು ಇದನ್ನೇ ಕೇಳಿ.