ಠಾಣೆ ಎಲ್ಲಿರಬೇಕು: ನಕ್ಷೆಯ ಅಳತೆಗೋ, ಅಪಾಯದ ಅಳತೆಗೋ?

ಅಗ್ನಿಶಾಮಕ ಠಾಣೆಗಳನ್ನು ಎಲ್ಲೆಲ್ಲಿ ಕಟ್ಟಬೇಕು, ಬೆಂಕಿ ಬೀಳದ ದಿನಗಳಲ್ಲಿ ಅಲ್ಲಿನ ಸಿಬ್ಬಂದಿ ಏನು ಮಾಡಬೇಕು ಎಂಬುದಕ್ಕೆ ಎರಡು ಬಗೆಯ ಉತ್ತರಗಳಿವೆ. ಊರು ಯಾವುದೇ ಇರಲಿ, ಇಷ್ಟು ವಿಸ್ತೀರ್ಣಕ್ಕೆ ಒಂದು ಠಾಣೆ, ಇಷ್ಟು ನಿಮಿಷದೊಳಗೆ ಒಂದು ವಾಹನ ಎಂದು ಮೊದಲೇ ಗೊತ್ತುಪಡಿಸುವುದು ಒಂದು. ಯಾರಿಗೆ, ಯಾವುದರಿಂದ, ಯಾವ ಹೊತ್ತಿನಲ್ಲಿ ಅಪಾಯ ಹೆಚ್ಚು ಎಂದು ಕಂಡುಕೊಂಡು ಅದಕ್ಕೆ ತಕ್ಕಂತೆ ಜನ, ಹಣ, ಯಂತ್ರಗಳನ್ನು ಹಂಚುವುದು ಇನ್ನೊಂದು.

ಈ ಎರಡನ್ನೂ ನಡೆಸಿ ನೋಡಿದ ದೇಶ ಇಂಗ್ಲೆಂಡ್. ಅಲ್ಲಿ ದಶಕಗಳ ಕಾಲ ರಾಷ್ಟ್ರವ್ಯಾಪಿ ಮಾನದಂಡವಿತ್ತು: ಅತಿ ಅಪಾಯದ ವಲಯಕ್ಕೆ 5 ನಿಮಿಷದೊಳಗೆ ಎರಡು ವಾಹನ, ವಿರಳ ವಸತಿಯ ಹಳ್ಳಿಗಾಡಿಗೆ 20 ನಿಮಿಷದೊಳಗೆ ಒಂದು. 2004ರ ಕಾಯ್ದೆಯ ಹೊತ್ತಿಗೆ ಅದು ಹೋಗಿ, ಪ್ರತಿ ಸ್ಥಳೀಯ ಪ್ರಾಧಿಕಾರವೂ ತನ್ನದೇ ಅಪಾಯ ನಿರ್ವಹಣಾ ಯೋಜನೆ ರೂಪಿಸಿ, ಜನರ ಅಭಿಪ್ರಾಯ ಪಡೆದು ಪ್ರಕಟಿಸುವ ಪದ್ಧತಿ ಬಂತು.

ಬದಲಾವಣೆಯನ್ನು ಸಮರ್ಥಿಸಿದವರ ಮುಖ್ಯ ಕಾರಣ ತೂಕದ್ದೇ. ಹಳೆಯ ಮಾನದಂಡ ಕಟ್ಟಡಗಳನ್ನು ನೋಡಿ ಹುಟ್ಟಿದ್ದು. ಪೇಟೆಯ ವಾಣಿಜ್ಯ ಮಳಿಗೆಗಳಿಗೆ ಅದು ಹೆಚ್ಚಿನ ರಕ್ಷಣೆ ಕೊಡುತ್ತಿತ್ತು. ಆದರೆ ಬೆಂಕಿಗೆ ಹೆಚ್ಚು ಜನ ಸಾಯುತ್ತಿದ್ದುದು ಮನೆಗಳಲ್ಲಿ. ಒಂಟಿಯಾಗಿರುವ ವೃದ್ಧರು, ಓಡಾಡಲಾಗದವರು, ಧೂಮಪಾನಿಗಳು ಹೆಚ್ಚು ಅಪಾಯದಲ್ಲಿದ್ದರು. ಅಂಥವರ ಮನೆಗೆ ಹೋಗಿ ಹೊಗೆ ಎಚ್ಚರಿಕೆ ಸಾಧನ ಅಳವಡಿಸಿ ಬಂದರೆ, ವಾಹನ ಒಂದು ನಿಮಿಷ ಬೇಗ ಬರುವುದಕ್ಕಿಂತ ಹೆಚ್ಚು ಪ್ರಯೋಜನವಾದೀತು ಎಂಬುದು ಅವರ ವಾದ.

ವಿರೋಧಿಸಿದವರದೂ ಹಗುರ ಮಾತಲ್ಲ. ಯೋಜನೆಯ ಹೆಸರಿನಲ್ಲಿ ವೆಚ್ಚ ಕಡಿತವೇ ನಡೆದೀತು ಎಂಬ ಅವರ ಆತಂಕಕ್ಕೆ 2014ರ ಜನವರಿಯಲ್ಲಿ ಲಂಡನ್ನಿನ 10 ಠಾಣೆಗಳು ಮುಚ್ಚಿದಾಗ ಪುಷ್ಟಿ ಸಿಕ್ಕಿತು. ಮೊದಲ ವಾಹನ ಸರಾಸರಿ 6 ನಿಮಿಷದಲ್ಲಿ ತಲುಪಬೇಕೆಂಬುದು ಆ ನಗರದ ಗುರಿ. ಆದರೆ ಉರಿಯುವ ಮನೆಯೊಳಗಿರುವವರಿಗೆ ನಗರದ ಸರಾಸರಿ ಯಾವ ಸಮಾಧಾನವನ್ನೂ ಕೊಡದು. ಮೇಲಾಗಿ, ಮುನ್ನೆಚ್ಚರಿಕೆಯ ಫಲವನ್ನು ಅಳೆಯುವುದು ಕಷ್ಟ. ಮುಚ್ಚಿದ ಠಾಣೆಯನ್ನು ಮತ್ತೆ ತೆರೆಯುವುದು ಇನ್ನೂ ಕಷ್ಟ.

ನಮ್ಮಲ್ಲಿ ಪ್ರಶ್ನೆಯ ರೂಪವೇ ಬೇರೆ, ಏಕೆಂದರೆ ಕಡಿತ ಮಾಡುವಷ್ಟು ಠಾಣೆಗಳೇ ಇಲ್ಲ. ದೇಶದ ಅಗ್ನಿಶಾಮಕ ಸಲಹಾ ಸಮಿತಿಯ ಮಾನದಂಡದಂತೆ ನಗರದಲ್ಲಿ 10 ಚದರ ಕಿಲೋಮೀಟರಿಗೆ, ಗ್ರಾಮೀಣ ಪ್ರದೇಶದಲ್ಲಿ 50 ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕು. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಗ್ರಾಮೀಣ ಲೆಕ್ಕವೊಂದನ್ನೇ ಹಿಡಿದರೂ ಮೂರೂವರೆ ಸಾವಿರಕ್ಕೂ ಹೆಚ್ಚು ಠಾಣೆ ಬೇಕು. ಇರುವುದು ಇನ್ನೂರರ ಆಸುಪಾಸಿನಲ್ಲಿ. ಅಪಾಯದ ಪಟ್ಟಿ ಮಾಡದೆ ಇಷ್ಟರಲ್ಲಿ ನಿಭಾಯಿಸುವುದು ಸಾಧ್ಯವಿಲ್ಲ ಎಂದು ಹೇಳುವವರ ಪಕ್ಷದಲ್ಲಿ ಈ ಲೆಕ್ಕವಿದೆ.

ಅವರ ಪಕ್ಷದಲ್ಲಿ ಬೆಂಗಳೂರಿನ ಅನುಭವವೂ ಇದೆ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು, ಪಾರಾಗುವ ದಾರಿ ಸಿಗದೆ ಕೆಲವರು ಕಿಟಕಿಯಿಂದ ಹಾರಿದರು. ಇಂಥ ಸಾವುಗಳನ್ನು ತಡೆಯುವುದು ತೆರೆದಿರುವ ತುರ್ತು ಬಾಗಿಲು, ಮುಚ್ಚಿದ ವಿದ್ಯುತ್ ತಂತಿಯ ಕೊಳವೆಮಾರ್ಗ, ತಪ್ಪದ ತಪಾಸಣೆ. ನಗರಕ್ಕೆ 90 ಮೀಟರ್ ಎತ್ತರದ ಏಣಿ ವಾಹನ ಬಂದಿರುವುದು ಒಳ್ಳೆಯದೇ. ಆದರೆ ಚಿಕ್ಕಪೇಟೆಯ ಓಣಿಗಳಿಗೆ ಅದು ನುಗ್ಗಲಾರದು.

ಹೀಗಿದ್ದರೂ ಹಳ್ಳಿಯ ಕಡೆಯ ವಾದವನ್ನು ಬದಿಗೆ ಸರಿಸಲಾಗದು. ಹುಲ್ಲಿನ ಬಣವೆಗೆ ಕಿಡಿ ತಾಗಿದರೆ ರೈತನ ದನಗಳ ವರ್ಷದ ಮೇವು ಹೋಗುತ್ತದೆ. ತಂತಿಯ ಕಿಡಿಗೆ ಕಬ್ಬಿನ ಗದ್ದೆ ಉರಿದರೆ ಸಾಲ ಉಳಿಯುತ್ತದೆ. ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆಂದು ಎಷ್ಟೋ ಕಡೆ ಕರೆಯನ್ನೇ ಮಾಡುವುದಿಲ್ಲ. ಕರೆ ಬಾರದ ಊರು ಅಂಕಿಅಂಶದಲ್ಲಿ ಸುರಕ್ಷಿತ ಊರಾಗಿ ಕಾಣುತ್ತದೆ, ಹಾಗಾಗಿ ಠಾಣೆಯೂ ಬರುವುದಿಲ್ಲ. ಅಡುಗೆಮನೆಯ ಸುಟ್ಟಗಾಯಗಳ ವಿವರ ಆಸ್ಪತ್ರೆ ಮತ್ತು ಪೊಲೀಸರ ಕಡತಗಳಲ್ಲೇ ಉಳಿದುಬಿಡಬಹುದು. ಅಂಕಿಅಂಶವನ್ನು ನಂಬಿ ಮಾಡುವ ಯೋಜನೆಯ ದೊಡ್ಡ ದೌರ್ಬಲ್ಯ ಇದೇ ಎಂದು ನನಗನಿಸುತ್ತದೆ. ಇದಲ್ಲದೆ ಠಾಣೆ ಬೆಂಕಿಗಷ್ಟೇ ಅಲ್ಲ. ಬಾವಿಗೆ ಬಿದ್ದ ದನವನ್ನು ಎತ್ತುವುದಕ್ಕೂ, ನೆರೆಯಲ್ಲಿ ಸಿಕ್ಕಿಕೊಂಡವರನ್ನು ಕರೆತರುವುದಕ್ಕೂ ಬರುವವರು ಅವರೇ.

ಎರಡನ್ನೂ ತೂಗಿದಾಗ, ಕೆಲವು ಷರತ್ತುಗಳೊಂದಿಗೆ, ನಡುವಿನ ದಾರಿಯತ್ತ ಒಲವು ತೋರಬಹುದು. ರಾಜ್ಯದ ಯಾವ ಊರಿಗೂ ವಾಹನ ತಲುಪಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಾರದು ಎಂಬ, ಇಂದಿನ ಶಕ್ತಿಗೆ ನಿಲುಕುವ ಮಿತಿಯೊಂದು ಕಾನೂನಿನಲ್ಲಿರಲಿ. ಅದು ಸರಾಸರಿಯ ಲೆಕ್ಕವಾಗದಿರಲಿ. ಅದರ ಮೇಲಿನ ಸಂಪನ್ಮೂಲವನ್ನು ಜಿಲ್ಲಾವಾರು ಅಪಾಯ ಯೋಜನೆಯ ಪ್ರಕಾರ ಹಂಚಲಿ. ಅಂಥ ಯೋಜನೆಯ ಕರಡು ಅಂತಿಮವಾಗುವ ಮುನ್ನ ಕನ್ನಡದಲ್ಲಿ ಪ್ರಕಟವಾಗಿ ಗ್ರಾಮ ಸಭೆಗಳಲ್ಲೂ ವಾರ್ಡ್ ಸಮಿತಿಗಳಲ್ಲೂ ಚರ್ಚೆಗೆ ಬರಬೇಕು, ಠಾಣೆಗೆ ಕರೆ ಮಾಡದೆ ಸುಮ್ಮನಾದ ಊರುಗಳ ಮಾತು ಅಲ್ಲಿಯಾದರೂ ದಾಖಲಾಗಬೇಕು.