ಕಾವಲು ಪಾಳುಭೂಮಿಯಲ್ಲ

ತಿ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೆಯ ತೊಟ್ಟಿಮನೆಗಳೂ ಅವುಗಳ ಸುತ್ತಲಿನ ಮೇವಿನ ಭೂಮಿಯೂ ಮಾರಾಟದ ಸರಕಾಗುತ್ತಿವೆ. ಮಾರುವವರ ಭಾಷೆಯಲ್ಲಿ ಮನೆ ‘ಪಾರಂಪರಿಕ’, ಹುಲ್ಲುಗಾವಲು ‘ಖಾಲಿ ಜಾಗ’. ಮೊದಲ ಮಾತು ಬೆಲೆಯನ್ನು ಏರಿಸುತ್ತದೆ. ಎರಡನೆಯದು ಚರಿತ್ರೆಯನ್ನು ಅಳಿಸುತ್ತದೆ. ಈ ಎರಡನೆಯ ಮಾತನ್ನು ಒಪ್ಪಲಾಗದು.

ಮೈಸೂರು ಸಂಸ್ಥಾನದಲ್ಲಿ ಕಾವಲು ಎಂದೂ ಖಾಲಿ ಜಾಗವಾಗಿರಲಿಲ್ಲ. ಚಿಕ್ಕದೇವರಾಜ ಒಡೆಯರ (1672–1704) ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತ ಮಹಲ್ ಎನಿಸಿತು. ಅದರ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ಬೇಸಿಗೆಯಲ್ಲಿ ಕೆರೆಯಂಗಳದ ಹಸಿರು, ಮಳೆಗಾಲದಲ್ಲಿ ಬಯಲಿನ ಹುಲ್ಲು: ಹಿಂಡು ಋತುವನ್ನು ಅನುಸರಿಸಿ ನಡೆಯುತ್ತಿತ್ತು. ಮಳೆಗಾಲದ ಕಾವಲನ್ನು ಚೈತ್ರದ ಬಿಸಿಲಿನಲ್ಲಿ ನೋಡಿ ಬಂಜರು ಎಂದು ಬರೆಯುವ ಅಧಿಕಾರಿ ತನ್ನ ಅಜ್ಞಾನವನ್ನೇ ದಾಖಲೆಗೆ ಸೇರಿಸುತ್ತಾನೆ.

ಮಾರಾಟದ ಪಾಠವೂ ಹೊಸದಲ್ಲ. 1860ರಲ್ಲಿ ಬ್ರಿಟಿಷ್ ಆಡಳಿತವು ಮಿತವ್ಯಯದ ಹೆಸರಿನಲ್ಲಿ ಅಮೃತ ಮಹಲನ್ನು ಮುಚ್ಚಿ ಹಿಂಡುಗಳನ್ನು ಮಾರಿತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತುಗಳ ಅಭಾವ ತಲೆದೋರಿ, ಅದೇ ಆಡಳಿತ ಅದನ್ನು ಮತ್ತೆ ಕಟ್ಟಬೇಕಾಯಿತು. ಹಿಂಡನ್ನು ಹಾಗೆ ಮರಳಿ ಕೂಡಿಸಬಹುದು. ನಿವೇಶನವಾಗಿ ಹೋದ ಕಾವಲನ್ನು ಮರಳಿ ಪಡೆಯುವ ಉಪಾಯವಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗೆ ಸೇರಿದಾಗ ಕುರಿಗಾಹಿಗಳು ಕಳೆದುಕೊಂಡದ್ದು ನೋಟವನ್ನಲ್ಲ, ಜೀವನೋಪಾಯವನ್ನು.

ಮನೆಯೊಡೆಯನಿಗೆ ತನ್ನ ಮನೆಯನ್ನು ಮಾರುವ ಹಕ್ಕಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. ಮಕ್ಕಳು ಮೈಸೂರು, ಬೆಂಗಳೂರು ಸೇರಿದ ಮೇಲೆ ನಾಡಹೆಂಚಿನ ಮಾಡನ್ನು ವರ್ಷವರ್ಷವೂ ಕೈಯಾಡಿಸುವವರಾರು? ಆ ಹಕ್ಕನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ತೊಟ್ಟಿಮನೆ ಎಂದರೆ ಕಂಬ, ಬೋದಿಗೆಗಳಷ್ಟೇ ಅಲ್ಲ. ಕೊಟ್ಟಿಗೆ, ಕಣ, ಬಣವೆ, ತಿಪ್ಪೆ, ಅವುಗಳಾಚೆಗಿನ ಗೋಮಾಳ ಇವೆಲ್ಲ ಒಂದೇ ಬದುಕಿನ ಅಂಗಗಳು. ಕಂಬಗಳನ್ನು ಕಿತ್ತು ರೆಸಾರ್ಟಿನ ಹಜಾರದಲ್ಲಿ ನಿಲ್ಲಿಸಿದರೆ ಉಳಿಯುವುದು ಮರ ಮಾತ್ರ. ಅಲ್ಲದೆ, ಗೋಮಾಳ ಮನೆಯೊಡೆಯನದಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು ನೂರು ಜಾನುವಾರಿಗೆ 12 ಹೆಕ್ಟೇರಿನಂತೆ ಅದನ್ನು ಊರಿಗಾಗಿ ಕಾದಿರಿಸುತ್ತವೆ. ಗ್ರಾಮದ ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು 2020ರ ತಿದ್ದುಪಡಿ ದಾರಿ ತೆರೆದ ಮೇಲೆ, ಕೊಂಡ ಜಮೀನಿನ ಬೇಲಿ ಪಕ್ಕದ ಗೋಮಾಳಕ್ಕೆ ಸರಿಯದಂತೆ ನೋಡುವ ಹೊಣೆ ಇಮ್ಮಡಿಯಾಗಿದೆ.

ಕನ್ನಡ ವಿದ್ವತ್ತೂ ಇಲ್ಲಿ ತಪ್ಪಿತಸ್ಥನೇ. ತುರುಗೋಳಿನ ವೀರಗಲ್ಲುಗಳ ಮೇಲೆ ಪ್ರಬಂಧಗಳಿಗೆ ಕೊರತೆಯಿಲ್ಲ. ಆ ತುರುಗಳು ಮೇಯುತ್ತಿದ್ದ ನೆಲದ ಮೇಲೆ ಎಷ್ಟಿವೆ? ಈ ಎರಡು ತಾಲ್ಲೂಕುಗಳ ಶಾಸನಗಳು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ 1894ರಷ್ಟು ಹಿಂದೆಯೇ ಅಚ್ಚಾದವು. ದತ್ತಿಯ ಭೂಮಿಯನ್ನು ಅಪಹರಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲೆಂಬ ಶಾಪಾಶಯ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಸಿದ್ಧ ಸೂತ್ರವೆಂದು ಓದಿ ಮುಗಿಸುವುದು ಸುಲಭ. ನೆಲವನ್ನು ಕಸಿಯುವುದೂ ಗೋವನ್ನು ಕೊಲ್ಲುವುದೂ ಸಮನಾದ ಪಾತಕವೆಂದು ಒಂದು ಸಮಾಜ ಏಕೆ ಎಣಿಸಿತೆಂದು ಕೇಳುವುದು ಸಂಶೋಧನೆ.

ಮುಡುಕುತೊರೆಯ ದನಗಳ ಜಾತ್ರೆಯನ್ನು ಹೊಗಳಿ, ಅಲ್ಲಿಗೆ ಬರುವ ಹಳ್ಳಿಕಾರ್ ಎತ್ತುಗಳ ಮೇವಿನ ನೆಲ ಕರಗುವುದನ್ನು ಸುಮ್ಮನೆ ನೋಡುವುದು ಆತ್ಮವಂಚನೆ. ಮಾರಾಟಕ್ಕೆ ಮುನ್ನ ಪ್ರತಿ ಗೋಮಾಳದ ಗಡಿ ಅಳೆದು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಕೆಡವುವ ಮುನ್ನ ಪ್ರತಿ ತೊಟ್ಟಿಮನೆಯ ನಕ್ಷೆ ದಾಖಲಾಗಬೇಕು. ಹೊಲ, ಕಾವಲು, ಕಟ್ಟೆಗಳ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡುವ ಕೆಲಸ ಕಾಲೇಜುಗಳ ಕನ್ನಡ ವಿಭಾಗಗಳದು. ಹೆಸರು ಉಳಿದ ನೆಲವನ್ನು ಖಾಲಿ ಎನ್ನುವುದು ಕಷ್ಟ.