ಶಿಕ್ಷೆಯೋ, ಮಳೆಯೋ?

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಬರೀ 73. ಇದು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅನ್ನುವವರನ್ನು ನಾನು ಕೇಳೋದಿಷ್ಟೆ: ಪಾಪವೆಲ್ಲ ಉಪನಗರದಲ್ಲೇ ಇತ್ತೇ? ಕೋಟೆ ಕಡೆಯ ದೊಡ್ಡ ಆಫೀಸುಗಳಲ್ಲಿ ಒಂದಿಷ್ಟೂ ಇರಲಿಲ್ಲವೇ? (ಸಾಂತಾಕ್ರೂಜ್ ಅಂದರೆ ಪೋರ್ಚುಗೀಸಿನಲ್ಲಿ ಪವಿತ್ರ ಶಿಲುಬೆ ಅಂತ ಅರ್ಥ ಬೇರೆ!)

ಕ್ರೈಸ್ತ ಮಿತ್ರರು ನೋಹನ ಜಲಪ್ರಳಯ, ಸೊದೋಮಿನ ಬೆಂಕಿ ತೋರಿಸ್ತಾರೆ. ಬೈಬಲಿನಲ್ಲಿ ಅದಿದೆ, ಇಲ್ಲವೆನ್ನಲಾರೆ. ಆದರೆ ಲೂಕನ ಸುವಾರ್ತೆಯ 13ನೇ ಅಧ್ಯಾಯವೂ ಇದೆಯಲ್ಲ! ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಮಿಕ್ಕವರಿಗಿಂತ ಹೆಚ್ಚಿನ ಪಾಪಿಗಳಲ್ಲ ಅಂತ ಯೇಸುವೇ ಹೇಳಿದ. ಪಶ್ಚಾತ್ತಾಪ ಪಡಿ ಅಂದದ್ದು ಬದುಕಿದ್ದವರಿಗೆ.

1896ರಲ್ಲಿ ಪ್ಲೇಗು ಬಂದಾಗ ಬಾಂದ್ರಾದ ಓಣಿಗಳಲ್ಲಿ ಹಲವು ಶಿಲುಬೆಗಳು ಎದ್ದವು, ಕಾಪಾಡಪ್ಪಾ ಅಂತ. ಆ ಮೊರೆ ನನಗೆ ಅರ್ಥವಾಗ್ತದೆ.

ಶಿಕ್ಷೆ ಅಂದುಬಿಟ್ಟರೆ ಲಾಭ ಯಾರಿಗೆ? ವಿಮಾನ ನಿಲ್ದಾಣಕ್ಕಾಗಿ ಮೀಠಿ ನದಿಯನ್ನು ತಿರುಗಿಸಿದವರು, ದಡದ ಜೌಗು ತುಂಬಿ ಕಟ್ಟಡ ಎಬ್ಬಿಸಿದವರು, ಎಲ್ಲರೂ ಖಾತೆಯಿಂದ ಪಾರು. ಬಾಕಿಯೆಲ್ಲ ಸಾಕಿನಾಕಾದಲ್ಲಿ ಗುಡ್ಡ ಕುಸಿದು ಸತ್ತ ಬಡವರ ಹೆಸರಿಗೆ. ಕಾಮರ್ಸ್ ಓದುವ ನನಗಂತೂ ಈ ಜಮಾಖರ್ಚು ಒಪ್ಪಿಗೆಯಿಲ್ಲ.